ನಲವತ್ತು ದೋಣಿಗಳಿಗೊಬ್ಬ ಪಾಲುಗಾರ

ಬಾಗಲಕೋಟೆ ಹಿನ್ನೀರು,
ಎಂಟನೇ ತಿಂಗಳ ಮೂವತ್ತೆರಡನೇ ದಿನ, ೨೧೭೨

ಕಂಪನಿಯ ಸ್ವಂತ ಗಣಕಗಳಿಗೆ ತಂತ್ರಾಂಶ ಆರಿಸುವ ಕೆಲಸ ಹೆಗಲಿಗೆ ಬಿದ್ದಿರುವ ನಿಮಗೆ, ನೀಲಾಂಬಿಕೆ ಬಡಿಗೇರಳ ನಮಸ್ಕಾರಗಳು.

ಮೇಲಿನ ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಕೆಲವು ತಿಂಗಳುಗಳ ಕೊನೆಗೆ ಒಂದು ಬಿಡುವಿನ ದಿನ ಸೇರಿಸಿಕೊಂಡಿದ್ದೇವೆ. ಅಂದು ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ, ಹಾಗಾಗಿ ಕಾಗದ ಬರೆಯಲು ಪುರುಸೊತ್ತು. ನೂರೈವತ್ತು ವರ್ಷಗಳಲ್ಲಿ ಕನ್ನಡವೂ ಸಾಕಷ್ಟು ಹೊರಳಿದೆ. ನಿಮ್ಮ ಕಾಲದ ಬರಹಗಳನ್ನು ಓದಿ, ಆದಷ್ಟು ನಿಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಎಲ್ಲಾದರೂ ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಹಿನ್ನೀರಿನ ದೋಣಿ ಕಂಪನಿಯಲ್ಲಿ ಗಣಕದ ಕೋಣೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಈಗ ರಸ್ತೆಗಿಂತ ನೀರಿನ ದಾರಿಯೇ ಹೆಚ್ಚು. ಬೆಳಿಗ್ಗೆ ಶಿಕ್ಷಕಿಯರು, ದವಾಖಾನೆಯ ನರ್ಸುಗಳು, ಬದನೆಕಾಯಿ ಬುಟ್ಟಿ ಹೊತ್ತವರು, ರೊಟ್ಟಿಯ ಡಬ್ಬಿ ಹಿಡಿದವರು ಎಲ್ಲರೂ ನಮ್ಮ ನಲವತ್ತು ದೋಣಿಗಳಲ್ಲೇ ದಡ ದಾಟುತ್ತಾರೆ. ದೋಣಿಗಳ ಮೇಲೆ ಬಿಸಿಲುಪಟ ಇರುತ್ತದೆ. ಹಾಯಿಯಂತೆ ಕಂಡರೂ ಅದು ಹಿಡಿಯುವುದು ಗಾಳಿಯನ್ನಲ್ಲ, ಬಿಸಿಲನ್ನು. ಪ್ರತಿ ದೋಣಿಗೂ ದಡದ ಮೇಲೆ ಒಂದು ಒಳಗಣಕವಿದೆ. ನೀರಿನ ಆಳ, ಯಂತ್ರದ ಬಿಸಿ, ಹತ್ತಿದವರ ತೂಕ ಎಲ್ಲವನ್ನೂ ಅದು ನೋಡಿಕೊಂಡು ದಾರಿ ಹೇಳುತ್ತದೆ. ಒಳಗಣಕವೆಂದರೆ ಕೈಗೆ ಸಿಗುವ ಪೆಟ್ಟಿಗೆಯಲ್ಲ. ಕೋಣೆಯಲ್ಲಿರುವ ದೊಡ್ಡ ಗಣಕಗಳ ಶಕ್ತಿಯನ್ನು ಒಂದು ತಂತ್ರಾಂಶ ಪಾಲು ಮಾಡಿ, ಪ್ರತಿ ದೋಣಿಗೂ ತನ್ನದೇ ಬೇರೆ ಗಣಕ ಇದೆಯೆಂಬಂತೆ ನಡೆಸುತ್ತದೆ. ಅದನ್ನು ನಾವು ಪಾಲುಗಾರ ಎನ್ನುತ್ತೇವೆ. ಇಡೀ ಏರ್ಪಾಟನ್ನು ಮನೆಮೋಡ ಎನ್ನುತ್ತೇವೆ. ನೀವು ಪ್ರೈವೇಟ್ ಕ್ಲೌಡ್ ಎನ್ನುವುದು ಅದನ್ನೇ.

ಕಳೆದ ವರ್ಷ ನಮ್ಮ ಹಳೆಯ ಪಾಲುಗಾರನನ್ನು ಮಾಡಿದ ಸಂಸ್ಥೆ ಬಾಗಿಲು ಮುಚ್ಚಿತು. ಆರು ತಿಂಗಳೊಳಗೆ ಹೊಸದನ್ನು ಹಾಕದಿದ್ದರೆ ದೋಣಿಗಳು ದಡದಲ್ಲೇ ಕೂರಬೇಕಿತ್ತು. ಎರಡು ತಿಂಗಳು ಹುಡುಕಿ ನಾನು ಏಳುನೆಲೆ ಎಂಬುದನ್ನು ಮೆಚ್ಚಿಕೊಂಡೆ. ಬಹಳ ಚೆಂದದ ತಂತ್ರಾಂಶ. ಪರದೆ ನೋಡುತ್ತಿದ್ದರೆ ಕಣ್ಣು ತಣ್ಣಗಾಗುತ್ತಿತ್ತು. ನನ್ನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ದಸ್ತಗೀರ ನದಾಫರು ಬಯಲು ಎಂಬುದನ್ನು ಹಿಡಿದರು. ಅದನ್ನು ಲೋಕದ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಪರದೆ ಮಾತ್ರ ಗೋಣಿಚೀಲದಂತೆ. ನಾವಿಬ್ಬರೂ ಎಷ್ಟು ವಾದ ಮಾಡಿದೆವೆಂದರೆ ಕೊನೆಗೆ ಊಟಕ್ಕೂ ಬೇರೆ ಬೇರೆ ಕೂರತೊಡಗಿದೆವು.

ಕಂಪನಿಯ ಮುಖ್ಯಸ್ಥೆ ಸಂಗವ್ವ ಅಂಬಿಗೇರ ಮೂವತ್ತು ವರ್ಷ ದೋಣಿ ನಡೆಸಿ ಆ ಕುರ್ಚಿಗೆ ಬಂದವರು. ನಮ್ಮ ವಾದವನ್ನು ಅರ್ಧ ಗಂಟೆ ಕೇಳಿ ಕೈ ಎತ್ತಿದರು.

“ನಿಮ್ಮ ಮಾತು ನನಗ ತಿಳ್ಯಂಗಿಲ್ರವ್ವಾ. ಎರಡನ್ನೂ ಹಾಕ್ರಿ. ಎರಡೆರಡು ದೋಣಿ ಕೊಡ್ತೀನಿ. ನಾ ಬಂದು ದಾರ ಕೀಳ್ತೀನಿ.”

“ಯಾವ ದಾರಾರೀ?” ಎಂದೆ.

“ಯಾವುದು ಕಿತ್ರ ನೀವು ಅಂಜತೀರಿ, ಅದು.”

ಸೋಮವಾರ ಹತ್ತು ಗಂಟೆಗೆ ಸಂಗವ್ವ ಬಂದರು. ನನ್ನ ಏಳುನೆಲೆಯ ಎರಡು ಗಣಕಗಳಲ್ಲಿ ಒಂದರ ವಿದ್ಯುತ್ತಿನ ದಾರವನ್ನು ಮೂಲಂಗಿ ಕಿತ್ತ ಹಾಗೆ ಕಿತ್ತರು. ನಲವತ್ತೇ ಸೆಕೆಂಡಿನಲ್ಲಿ ಒಳಗಣಕಗಳು ಇನ್ನೊಂದರಲ್ಲಿ ಎದ್ದು ಕೂತವು. ದೋಣಿ ಒಂದು ಅಲುಗಾಟವೂ ಇಲ್ಲದೆ ನಡೆಯಿತು. ಮರುದಿನ ಬಯಲಿನ ಸರದಿ. ದಾರ ಕಿತ್ತ ಮೇಲೆ ಒಂಬತ್ತು ನಿಮಿಷ! ಅಷ್ಟು ಹೊತ್ತೂ ನೀರಿನ ನಡುವೆ ಚಾಲಕರು ಕೈಯಲ್ಲೇ ದೋಣಿ ನಡೆಸಬೇಕಾಯಿತು. ಅವರೇನೋ ಖುಷಿಯಿಂದ ಶಿಳ್ಳೆ ಹಾಕುತ್ತಾ ಬಂದರು, ದಸ್ತಗೀರರ ಮುಖ ಮಾತ್ರ ಸಣ್ಣದಾಗಿತ್ತು. ನಾನು ಗೆದ್ದೆನೆಂದೇ ಬೀಗಿದೆ.

ಸಂಗವ್ವ ಹೊರಡಲಿಲ್ಲ. “ಇನ್ನೊಂದು ಐತಿ. ನಾಳೆ ಇವರೂ ಅಂಗಡಿ ಮುಚ್ಚಿದ್ರ ನಮ್ಮ ದೋಣಿ ಗಂಟು ಕಟ್ಟಿಕೊಂಡು ಹೊರಗ ಬರಾಕ ಬರ್ತೈತೇನು? ತೋರಸ್ರಿ.”

ಬಯಲಿನಿಂದ ದಸ್ತಗೀರರು ಎರಡೂ ಒಳಗಣಕಗಳನ್ನು ಹೊರತೆಗೆದು, ಬೇರೊಬ್ಬ ಪಾಲುಗಾರನ ಮೇಲೆ ಇಟ್ಟು, ಮಧ್ಯಾಹ್ನದೊಳಗೆ ನಡೆಸಿ ತೋರಿಸಿದರು. ಏಳುನೆಲೆಯಿಂದ ನಾನು ಹೊರತೆಗೆದ ಒಳಗಣಕಗಳು ಏಳುನೆಲೆಯಲ್ಲಲ್ಲದೆ ಬೇರೆಲ್ಲೂ ಬಾಯಿ ಬಿಡಲಿಲ್ಲ, ನಡೆಯಲಿಲ್ಲ. ಅದನ್ನು ಮಾರಲು ಬಂದಿದ್ದವರು ನಯವಾಗಿ, “ಅಂಥ ಪ್ರಸಂಗ ಬರೋದೇ ಇಲ್ರಿ ಮೇಡಂ” ಎಂದರು.

“ಮೊದಲಿನವರೂ ಹಂಗ ಅಂದಿದ್ರಪಾ,” ಎಂದರು ಸಂಗವ್ವ. ನಂತರ ನನ್ನ ಕಡೆ ತಿರುಗಿದರು. “ಆರಿಸಾಕಿ ನೀನು, ನೀಲಾ. ನಾ ಬರೇ ದಾರ ಕಿತ್ತಾಕಿ.”

ನಾನು ದೋಣಿಕಟ್ಟೆಗೆ ಹೋಗಿ ಒಬ್ಬಳೇ ಕೂತೆ. ಎರಡು ತಿಂಗಳಿಂದ ಎಲ್ಲರೆದುರು ಹೊಗಳಿದ್ದನ್ನು ಕೈಬಿಡುವುದು ಸುಲಭವಲ್ಲ. ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಷ್ಟರಲ್ಲಿ ದವಾಖಾನೆಯ ದೋಣಿ ಬಂದು ನಿಂತಿತು. ಬಸುರಿ ಹೆಂಗಸೊಬ್ಬಳು ನರ್ಸಿನ ಕೈ ಹಿಡಿದು ನಿಧಾನ ಇಳಿದಳು. ಆ ದೋಣಿಗೆ ಬೇಕಾದದ್ದು ಚೆಂದದ ಪರದೆಯಲ್ಲ. ಒಂಬತ್ತು ನಿಮಿಷವನ್ನು ನಾವೇ ತಿದ್ದಬಹುದು. ಏಳುನೆಲೆಯ ಮುಚ್ಚಿದ ಬೀಗವನ್ನು ತಿದ್ದಲಾಗದು. ಎದ್ದು ಹೋಗಿ ದಸ್ತಗೀರರ ಎದುರು ಕೂತೆ.

“ಒಂಬತ್ತು ನಿಮಿಷ ಯಾಕ ಹಿಡೀತ್ರಿ? ಇಬ್ರೂ ಕೂಡಿ ಕಡಿಮಿ ಮಾಡೋಣೇನು?”

“ಅಂದ್ರ... ಬಯಲು ಅಂತೀರೇನು?”

“ಬಯಲೇ.”

ಅವರು ಡಬ್ಬಿ ತೆರೆದು ಶೇಂಗಾ ಹೋಳಿಗೆ ಮುರಿದು ದೊಡ್ಡ ಅರ್ಧ ನನಗೆ ಕೊಟ್ಟರು.

ಮೂರನೇ ದಿನ ಕಾರಣ ಸಿಕ್ಕಿತು. ಗಣಕಗಳು ಎರಡೇ ಇದ್ದಾಗ, ಇನ್ನೊಂದು ನಿಜವಾಗಿ ನಿಂತಿದೆಯೋ, ನಡುವಿನ ತಂತಿ ಮಾತ್ರ ಕಡಿದಿದೆಯೋ ತಿಳಿಯದೆ ಉಳಿದದ್ದು ಅನುಮಾನಿಸುತ್ತಾ ಕೂರುತ್ತಿತ್ತು. ಸಾಕ್ಷಿ ಹೇಳಲು ಮೂರನೆಯದೊಂದು ಬೇಕಿತ್ತು. ಟಿಕೆಟ್ ಕಿಟಕಿಯ ಹಳೇ ಗಣಕವನ್ನು ಸಾಕ್ಷಿಗೆ ಕೂರಿಸಿದೆವು. ಸಂಗವ್ವ ಮತ್ತೆ ದಾರ ಕಿತ್ತರು: ಐವತ್ತು ಸೆಕೆಂಡು! ದಸ್ತಗೀರರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಈ ವಯಸ್ಸಿನಲ್ಲೂ ನಾವಿಬ್ಬರೂ ಚಪ್ಪಾಳೆ ತಟ್ಟಿಕೊಂಡು ಕುಣಿದೆವು.

ಆಮೇಲೆ ನಲವತ್ತು ದೋಣಿಗಳನ್ನು ಒಂದೊಂದಾಗಿ ಹೊಸ ಪಾಲುಗಾರನಿಗೆ ದಾಟಿಸಿದೆವು. ಮೂವತ್ತೊಂಬತ್ತು ದಡದಲ್ಲಿ ನಿಂತಾಗಲೇ ದಾಟಿದವು. ಕೊನೆಯದಕ್ಕೆ ಬೀಗರ ದಿಬ್ಬಣ ಹತ್ತಿಬಿಟ್ಟಿತ್ತು. ಮುಹೂರ್ತ ಹತ್ತಿರವಾದ್ದರಿಂದ ನಿಲ್ಲಿಸುವಂತಿರಲಿಲ್ಲ, ಆರು ತಿಂಗಳ ಗಡುವು ಮುಗಿಯುತ್ತಿದ್ದರಿಂದ ಮುಂದೂಡುವಂತೆಯೂ ಇರಲಿಲ್ಲ. ನಡೆಯುತ್ತಿರುವಾಗಲೇ ದಾಟಿಸುತ್ತೇವೆ ಎಂದೆವು. ಏನಾದರೂ ಆದರೆ ಕೈಯಲ್ಲಿ ನಡೆಸಲೆಂದು ಸಂಗವ್ವ ತಾವೇ ಚುಕ್ಕಾಣಿ ಹಿಡಿದು ನಿಂತರು. ನೀರಿನ ನಟ್ಟನಡುವೆ ವಾಲಗ, ಅಕ್ಕಿಕಾಳು, ನಗು. ಕೋಣೆಯಲ್ಲಿ ನಾವಿಬ್ಬರು ಪರದೆ ನೋಡುತ್ತಿದ್ದೆವು. ಸಂಗವ್ವನ ದನಿ ಬಂತು:

“ಯಾವಾಗ ದಾಟಸ್ತೀರಿ? ನನ್ನ ಕೈ ಬೆವತು ಹೋಗ್ಯಾವ.”

“ದಾಟಿ ಆತ್ರೀ ಅವ್ವಾರ,” ಎಂದರು ದಸ್ತಗೀರರು.

ಸಂಗವ್ವ ನಕ್ಕ ನಗೆ ಎರಡೂ ದಡಕ್ಕೆ ಕೇಳಿಸಿರಬೇಕು. ಮದುಮಗಳ ಕಡೆಯವರಿಗೆ ಏನೂ ತಿಳಿಯದಿದ್ದರೂ ಅವರೂ ನಕ್ಕರಂತೆ.

ನಿಮ್ಮಲ್ಲಿ ಒಂದೇ ಒಂದು ಕೋರಿಕೆ. ಆಯ್ಕೆ ಮಾಡುವಾಗ ನಿಮ್ಮ ಕಾಲದ ಕಂಪನಿಗಳ ಹಳೇ ಕಡತಗಳನ್ನೂ ನಾನು ತೆಗೆಸಿ ನೋಡಿದೆ. ಉದ್ದುದ್ದ ಪಟ್ಟಿ, ಸರಿ ಗುರುತು, ಕೊನೆಗೆ ರುಜು ಇದ್ದವು. ಯಾಕೆ ಆರಿಸಿದರು, ಯಾರು ಬೇಡವೆಂದರು, ಯಾರು ಮನಸ್ಸು ಬದಲಿಸಿದರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀವು ಯಾವುದನ್ನೇ ಆರಿಸಿ, ಅದು ನಿಮಗೆ ಬಿಟ್ಟದ್ದು. ಆದರೆ ಆರಿಸಿದ ದಿನ ನಾಲ್ಕು ಸಾಲು ಬರೆದಿಡಿ, ವಾದ ಮಾಡಿದವರ ಹೆಸರನ್ನೂ ಸೇರಿಸಿ. ಎಂದೋ ಒಂದು ದಿನ ನನ್ನಂಥವಳೊಬ್ಬಳು ಅದನ್ನು ಓದಿ, ತಾನು ಒಂಟಿಯಲ್ಲ ಎಂದುಕೊಳ್ಳುತ್ತಾಳೆ.

ನಿಮ್ಮ ಕೆಲಸ ಹಗುರವಾಗಲಿ.

ನಿಮ್ಮ,
ನೀಲಾಂಬಿಕೆ