ಹತ್ತು ನಿಮಿಷ ಮುಂಚೆ ಎದ್ದವರು

ಹಜಾರದ ಮೂಲೆಯಿಂದ (ಸೋಫಾದ ಮೇಲೆ ನನಗೆ ಜಾಗವಿಲ್ಲ)
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀ? ಮಂಡಿನೋವು ಇಳಿಯಿತೋ, ಇಲ್ಲ ನಿನಗೇ ಇನ್ನೂ ಮೆಟ್ಟಿಲು ಇಳಿಯಲಾಗುತ್ತಿಲ್ಲವೋ? ಭಾವ ಬೆಳಗ್ಗೆ ಎದ್ದು ಓಡುತ್ತಿದ್ದಾರೋ, ಓಡುವ ಬೂಟು ಕೊಂಡದ್ದಷ್ಟೇ ಬಂತೋ? ನಾನು ಮಾಡಿ ಕಳಿಸಿದ ದವಡೆ ಹಲ್ಲಿನ ಕ್ಯಾಪು ಸರಿಯಾಗಿ ಕೂತಿದೆಯೇ ಬರೆ. ಕೂರದಿದ್ದರೆ ತಪ್ಪು ನಿನ್ನ ದವಡೆಯದು, ನನ್ನ ಲ್ಯಾಬಿನದಲ್ಲ. ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ‘ಅಪ್ಪ’ ಎಂದ ಕೂಡಲೇ ನೀನು ‘ಒಲೆ ಮೇಲೆ ಏನೋ ಇದೆ ಕಣೋ’ ಎಂದು ಇಟ್ಟುಬಿಡುತ್ತೀ. ಅಮ್ಮ ಹೋಗಿ ಮೂರು ವರ್ಷವಾಯಿತು. ಮೂರು ವರ್ಷದಿಂದ ನಿನ್ನ ಒಲೆಯ ಮೇಲೆ ಬೇಯುತ್ತಿರುವುದು ಏನೆಂದು ನನಗೂ ಗೊತ್ತು. ಕಾಗದವನ್ನೂ ನೀನು ಅರ್ಧಕ್ಕೆ ಇಡಬಹುದು. ಆದರೆ ಅದು ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ನನ್ನ ಕಷ್ಟ ಕೇಳು. ಅಪ್ಪ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾನೆ, ಹೊತ್ತು ಹೋಗಲಿ ಎಂದು ಗೋಡೆಯಗಲದ ಟಿ.ವಿ. ತಂದೆ. ‘ಥಿಯೇಟರೇ ಮನೆಗೆ ಬಂದಂಗೆ ಸಾರ್’ ಎಂದ ಅಂಗಡಿಯವನು. ಬಂದದ್ದೇನೋ ನಿಜ. ಥಿಯೇಟರಿನ ಕಸವೆಲ್ಲ ಬಂತು, ಕತ್ತಲೆಯೊಂದು ಅಲ್ಲೇ ಉಳಿಯಿತು. ಮೊದಲ ದಿನ ನಾಯಕಿ ಪ್ರೀತಿಯ ಮಾತಾಡಲು ಬಾಯಿ ತೆರೆದಳು, ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ‘ನಿಲ್ಸಿ, ನಿಲ್ಸಿ, ನಾನು ಬರೋವರೆಗೂ ಯಾರೂ ನೋಡ್ಬಾರ್ದು’ ಎಂದು ನನ್ನವಳು ಒಳಗೆ ಓಡಿದಳು. ಆ ನಾಯಕಿ ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟಗೆ ತೆರೆದು, ಹನ್ನೆರಡು ನಿಮಿಷ ಗೋಡೆಯ ಮೇಲೆ ನಿಂತಳು. ಬೇರೇನು ಮಾಡಲಿ, ಹಲ್ಲು ಎಣಿಸಿದೆ. ಮೇಲ್ಸಾಲಿನ ಎಡಗಡೆ ಎರಡು ನಕಲಿ, ಅದೂ ಕೈಕೆಲಸ ಅಷ್ಟಕ್ಕಷ್ಟೆ. ಆಮೇಲೆ ಅವಳು ಏನು ಅತ್ತರೂ ನನಗೆ ಕಂಡದ್ದು ಆ ಎರಡೇ.

ನನ್ನ ಮಗಳು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾಳೆ. ಶವಯಾತ್ರೆಯ ಜನ ಬಸ್ಸು ತಪ್ಪುತ್ತದೆ ಎಂಬಂತೆ ಓಡುತ್ತಾರೆ. ತಾಯಿಯೊಬ್ಬಳು ಮಗನನ್ನು ಅಗಲುವ ದುಃಖ ಕಣ್ಣು ಪಿಳುಕಿಸುವುದರೊಳಗೆ ಮುಗಿಯುತ್ತದೆ. ‘ಟೈಮ್ ಉಳಿಯುತ್ತಲ್ಲಪ್ಪಾ’ ಎನ್ನುತ್ತಾಳೆ. ಉಳಿದ ಟೈಮಿನಲ್ಲಿ ಏನು ಮಾಡುತ್ತೀ ಎಂದರೆ, ಇನ್ನೊಂದು ಸಿನಿಮಾ. ಇನ್ನು ಮಹಡಿಮನೆಯ ಬಾಡಿಗೆದಾರರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮುಂದೆ ಬರುವುದನ್ನೆಲ್ಲ ಮುಂಚೆಯೇ ಹೇಳಿಬಿಡುವುದರಿಂದ ನಾವು ಅವರಿಗೆ ಮುಂಗಡ ಮೇಷ್ಟ್ರು ಎಂದು ಹೆಸರಿಟ್ಟಿದ್ದೇವೆ. ಬಾಡಿಗೆ ಬಿಟ್ಟು ಉಳಿದದ್ದೆಲ್ಲ ಮುಂಗಡ. ಟೀಪಾಯಿಯ ಮೇಲೆ ಎರಡೂ ಕಾಲು ಚಾಚಿ, ‘ಈ ಡಾಕ್ಟ್ರೇ ಕಣ್ರೀ ಕೊಲೆಗಾರ, ನೋಡ್ತಿರಿ’ ಎನ್ನುತ್ತ ಕಾಲುಗುರು ಕತ್ತರಿಸಿಕೊಳ್ಳುತ್ತಾರೆ. ಹೋದ ತಿಂಗಳು ಹೆಬ್ಬೆರಳಿನದೊಂದು ಚೂರು ಹಾರಿ ನನ್ನ ಟೀ ಲೋಟದೊಳಗೆ ಬಿತ್ತು. ‘ಕ್ಯಾಲ್ಸಿಯಂ ಬಿಡ್ರಿ, ಹಲ್ಲಿನೋರಿಗೆ ಅದೇ ತಾನೆ ಬೇಕಾಗಿರೋದು’ ಎಂದು ನಕ್ಕರು. ಕೊಲೆಗಾರ ಯಾರೆಂಬುದು ಆ ಕ್ಷಣದಲ್ಲಿ ಬದಲಾಗುವುದರಲ್ಲಿತ್ತು.

ಸಾಕಪ್ಪಾ ಎಂದು ಎಲ್ಲರನ್ನೂ ಕಟ್ಟಿಕೊಂಡು ಹೊಸ ಥಿಯೇಟರಿಗೆ ಹೋದೆ. ಮಲಗಲು ಬರುವಂಥ ಕುರ್ಚಿಗಳು. ತಲೆ ಆನಿಸುವಲ್ಲಿ ಹಿಂದಿನ ಆಟದವರ ಎಣ್ಣೆಯ ವೃತ್ತ, ಇನ್ನೂ ಬೆಚ್ಚಗೆ. ಕೈ ಇಡುವ ಹಿಡಿಕೆಯ ಅಡಿಯಲ್ಲಿ ಬೆರಳಿಗೆ ಏನೋ ತಾಗಿತು. ಫೋನಿನ ಬೆಳಕು ಬಿಟ್ಟು ನೋಡಿದರೆ, ಯಾರೋ ಅಗಿದು ಅಂಟಿಸಿದ ಚೂಯಿಂಗ್ ಗಮ್, ಹಲ್ಲಿನ ಅಚ್ಚು ಸಮೇತ. ಅಷ್ಟು ಸ್ಪಷ್ಟವಾದ ಅಚ್ಚನ್ನು ಯಾವ ಡೆಂಟಿಸ್ಟೂ ನನ್ನ ಲ್ಯಾಬಿಗೆ ಕಳಿಸಿದ್ದಿಲ್ಲ. ಪಾಪ್‌ಕಾರ್ನನ್ನು ಬಕೆಟ್ಟಿನಲ್ಲಿ ಕೊಟ್ಟರು, ದನಕ್ಕೆ ಮೇವಿಟ್ಟ ಹಾಗೆ. ಜನರೂ ಆ ಮರ್ಯಾದೆಗೆ ತಕ್ಕ ಸದ್ದು ಮಾಡಿಕೊಂಡೇ ತಿಂದರು. ಹಿಂದಿನ ಸಾಲಿನವನೊಬ್ಬ ಬೂಟು ಬಿಚ್ಚಿ ನನ್ನ ಮತ್ತು ನನ್ನವಳ ತಲೆಗಳ ನಡುವೆ ಪಾದ ನೀಡಿದ. ಪಾದಕ್ಕೆ ನಮಸ್ಕಾರ ಮಾಡಿಸಿಕೊಳ್ಳುವ ಯೋಗ್ಯತೆ ಆ ಕಾಲ್ಚೀಲಕ್ಕಿರಲಿಲ್ಲ. ಮನೆಯೂ ಕೊಳಕು, ಥಿಯೇಟರೂ ಕೊಳಕು. ಎರಡರ ನಡುವಿನ ರಸ್ತೆಯೊಂದೇ ಚೊಕ್ಕಟ ಎನ್ನೋಣವೆಂದರೆ ಅಲ್ಲಿ ಚರಂಡಿ ಅಗೆದಿದ್ದರು.

ಅಲ್ಲಿ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಮಾತ್ರ ಕಾಲ್ಚೀಲವಲ್ಲ, ಅಪ್ಪ. ಸಿನಿಮಾ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಎದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿದ. ‘ಏಳ್ರೋ, ಊರು ಬಾಯಾರ್ತಿದೆ’ ಎಂದ. ಊರಿಗೆ ಈಗ ನೀರು ಬಿಡುವುದು ಕಂಪ್ಯೂಟರು, ಅದಕ್ಕೆ ಸಿನಿಮಾದ ಹುಚ್ಚಿಲ್ಲ, ಕೂತ್ಕೋಪ್ಪಾ ಎಂದೆ. ಕೂರಲಿಲ್ಲ. ಹಿಂದಿನವರು ಬೈದರು, ನಾವೆಲ್ಲ ಬಕೆಟ್ಟಿನ ಸಮೇತ ಸಾಲಾಗಿ ಹೊರಬಂದೆವು.

ನಾವು ಬೆಳೆದದ್ದೇ ಹೀಗಲ್ಲವೇ? ವಾಟರ್‌ಮ್ಯಾನ್ ಮಕ್ಕಳು. ಮಧ್ಯಾಹ್ನದ ಆಟ ಮುಗಿಯುವುದು ಐದು ಗಂಟೆಗೆ. ಐದಕ್ಕೆ ಸರಿಯಾಗಿ ಅಪ್ಪ ವಾಲ್ವ್ ತಿರುಗಿಸದಿದ್ದರೆ ಅರ್ಧ ಊರಿನ ನಲ್ಲಿ ಒಣಗುತ್ತಿತ್ತು. ಬಾಲ್ಯದಲ್ಲಿ ನಾನು ಒಂದು ಸಿನಿಮಾದ ಕೊನೆಯನ್ನೂ ನೋಡಿದವನಲ್ಲ. ಪಂಪ್‌ಹೌಸಿನ ಹಿಂದಿನ ದಪ್ಪ ಪೈಪಿನ ಮೇಲೆ ನನ್ನನ್ನು ಕೂರಿಸಿಕೊಂಡು ನೀನೇ ಕೊನೆ ಕಟ್ಟುತ್ತಿದ್ದೆ. ನಿನ್ನ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಖಳನಾಯಕನಿಗೆ ಕೆಲಸ ಸಿಗುತ್ತಿತ್ತು, ಹೆಚ್ಚಾಗಿ ಪೋಸ್ಟಾಫೀಸಿನಲ್ಲಿ. ಕಾಲೇಜಿನಲ್ಲಿ ಗೆಳೆಯರೆದುರು ‘ಕೊನೆಗೆ ಆ ಡಕಾಯಿತ ಪೋಸ್ಟ್‌ಮ್ಯಾನ್ ಆಗ್ತಾನೆ ಕಣ್ರೋ’ ಎಂದು ಪಂದ್ಯ ಕಟ್ಟಿ ವಾದಿಸಿ, ವರ್ಷವಿಡೀ ‘ಪೋಸ್ಟು’ ಎಂದು ಕರೆಸಿಕೊಂಡವನು ನಾನು. ನೀನು ಕಟ್ಟುಕಥೆಯವಳು, ನಾನು ಕಟ್ಟುಹಲ್ಲಿನವನು. ಇಬ್ಬರದೂ ಖಾಲಿ ಜಾಗ ತುಂಬುವ ಕಸುಬೇ.

ಆಮೇಲೆ ಆ ಆಸ್ಪತ್ರೆಯ ದಿನ. ನಾಲ್ಕೂವರೆಗೆ ಅಪ್ಪ ಅಂದೂ ಅಮ್ಮನ ಪಕ್ಕದಿಂದ ಎದ್ದ. ಅಂದೂ ಟವೆಲ್ ಕೊಡವಿದ. ಐದಕ್ಕೆ ಅವನು ವಾಲ್ವ್ ತಿರುಗಿಸಿದ, ಐದೂ ಹತ್ತಕ್ಕೆ ಅಮ್ಮ ಹೋದಳು. ಪಕ್ಕದಲ್ಲಿದ್ದವಳು ನೀನೊಬ್ಬಳೇ, ನಾನು ಲ್ಯಾಬಿನಿಂದ ಓಡಿಬಂದಾಗ ಎಲ್ಲ ಮುಗಿದಿತ್ತು. ಕಾರಿಡಾರಿನಲ್ಲಿ ನೀನು ಅವನಿಗೆ ‘ನೀನು ಯಾವುದನ್ನ ಕೊನೇವರೆಗೂ ನೋಡಿದ್ದೀಯಪ್ಪಾ?’ ಎಂದೆ. ನೀನು ಮತ್ತೆ ಈ ಮನೆಗೆ ಬರಲಿಲ್ಲ. ಬದಲಿ ಡ್ಯೂಟಿಗೆ ಬರಬೇಕಾದವನು ಅಂದು ಬಂದಿರಲಿಲ್ಲ ಎಂದು ನನಗೆ ಆ ವಾರವೇ ಗೊತ್ತಾಯಿತು. ನಿನಗೆ ಹೇಳಲಿಲ್ಲ. ನನಗೂ ಅವನ ಮೇಲೆ ಹೇಸಿಗೆಯಾಗಿತ್ತು, ಅದು ಅಷ್ಟು ಸುಲಭವಾಗಿ ತೊಳೆದುಹೋಗುವುದು ನನಗೆ ಬೇಕಿರಲಿಲ್ಲ. ಈಗ ನನ್ನ ಮೇಲೇ ಸ್ವಲ್ಪ ಆಗುತ್ತಿದೆ.

ಈಗ ಇವತ್ತಿನ ಸುದ್ದಿ. ಮಧ್ಯಾಹ್ನ ಟಿ.ವಿ.ಯಲ್ಲಿ ನಮ್ಮ ಆ ಡಕಾಯಿತನ ಸಿನಿಮಾ ಸಿಕ್ಕಿತು. ಮೇಷ್ಟ್ರು ಉಗುರಿನ ಸಮೇತ ಹಾಜರು, ಮಗಳಿಂದ ರಿಮೋಟ್ ಕಿತ್ತುಕೊಂಡಿದ್ದೆ. ಹತ್ತು ನಿಮಿಷ ಉಳಿದಾಗ ಅಪ್ಪ ಎದ್ದ. ಬಾಗಿಲವರೆಗೆ ಹೋದ. ಏನನ್ನಿಸಿತೋ, ತಿರುಗಿ ಬಂದು ಸೋಫಾದ ತುದಿಯಲ್ಲಿ, ಪರಸ್ಥಳದವನ ಹಾಗೆ ಕೂತ. ಕೊನೆ ಏನು ಗೊತ್ತೇ? ಡಕಾಯಿತ ಬಂಡೆಯಿಂದ ಬಿದ್ದು ಸಾಯುತ್ತಾನೆ, ಬಿದ್ದದ್ದು ಬಟ್ಟೆಯ ಬೊಂಬೆ ಎಂದು ಕುರುಡನಿಗೂ ಕಾಣುತ್ತದೆ. ಆಮೇಲೆ ಎಲ್ಲರೂ ಸಾಲಾಗಿ ನಿಂತು, ಹಾಸ್ಯಗಾರ ಸಗಣಿಯಲ್ಲಿ ಜಾರಿದ್ದಕ್ಕೆ ನಗುತ್ತಾರೆ. ಥೂ! ಇದಕ್ಕಾಗಿಯೇ ನಾನು ಮೂವತ್ತು ವರ್ಷ ಹಲುಬಿದ್ದು? ಅಪ್ಪ ‘ನಿಮ್ಮಕ್ಕ ಹೇಳಿದ್ದು ಹಿಂಗಲ್ವಲ್ಲೋ’ ಎಂದ. ನಿನಗೆ ಹೇಗೆ ಗೊತ್ತಪ್ಪಾ ಎಂದು ಬಾಯಿ ಬಿಟ್ಟೆ. ‘ಕೇಳಿಸ್ತಿತ್ತು. ವಾಲ್ವ್ ನಲವತ್ತು ಸುತ್ತು. ಅವಳ ಕತೆ ಮುಗಿದಿಲ್ಲ ಅಂದ್ರೆ ಕೊನೇ ನಾಕು ಸುತ್ತು ನಿಧಾನಕ್ಕೆ ತಿರುಗಿಸ್ತಿದ್ದೆ. ಊರೋರು ಬೈಯೋರು, ನೀರು ಸಣ್ಣಗೆ ಬರ್ತಿದೆ ಅಂತ.’ ಇಷ್ಟು ಹೇಳಿ ಬಚ್ಚಲಿಗೆ ಹೋದವನು ಕಾಲು ಗಂಟೆ ಹೊರಗೆ ಬರಲಿಲ್ಲ. ಮುಂಗಡ ಮೇಷ್ಟ್ರು ಕೂಡ ಮುಂದೇನು ಎಂದು ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹತ್ತಿ ಹೋದರು.

ಭಾವನಿಗೆ ನಮಸ್ಕಾರ ತಿಳಿಸು, ಬೂಟಿಗೂ. ಮಕ್ಕಳಿಗೆ ಮುತ್ತು, ಸಿಹಿ ತಿಂದು ಬಾಯಿ ಮುಕ್ಕಳಿಸಲಿ, ನನಗೆ ಸಂಬಂಧಿಕರ ಗಿರಾಕಿ ಬೇಡ. ನನ್ನವಳು ಕುಕ್ಕರಿನ ಪಕ್ಕದಿಂದಲೇ ನಿನ್ನನ್ನು ಕೇಳಿದೆ ಎನ್ನುತ್ತಿದ್ದಾಳೆ.

ನಿನ್ನ ಬೆನ್ನಿಗೆ ಬಿದ್ದ
ತಮ್ಮ (ಪೋಸ್ಟು)

ಮರೆತಿದ್ದೆ: ಅಲ್ಲ, ಮರೆತದ್ದಲ್ಲ. ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಬಂದ. ‘ನಿಮ್ಮಕ್ಕಂಗೇನಾ? ಒಂದು ಮಾತು ಸೇರ್ಸು. ಆ ಕೊನೇ ಹತ್ತು ನಿಮಿಷ ನಿಮ್ಮಮ್ಮ ಏನಂದ್ಲು ಅಂತ ಕೇಳು. ನನ್ನ ಬೈದಿದ್ರೆ ಬೈದಿದ್ದನ್ನೇ ಹೇಳ್ಲಿ. ಚೆನ್ನಾಗಿರ್ಲಿ ಅಂತ ಕಟ್ಟಿ ಹೇಳೋದು ಬೇಡ.’ ನನಗೂ ಗೊತ್ತಿಲ್ಲ ಅಕ್ಕಾ, ನಾನೂ ನಿನ್ನನ್ನು ಕೇಳಿರಲಿಲ್ಲ. ಕಾಗದದಲ್ಲಿ ಬರೆಯಬೇಡ, ಬಾ. ನಾನು ಇಷ್ಟನ್ನು ಬರೆಯುವವರೆಗೂ ಅವನು ನನ್ನ ಕುರ್ಚಿಯ ಹಿಂದೆ ನಿಂತೇ ಇದ್ದಾನೆ, ಹೋಗಿಲ್ಲ.