ಎಡಗಡೆಯ ಬಾಕ್ಸ್

ಶ್ರೀನಿವಾಸಪುರ, ಜೂನ್ ೧೧, ಬುಧವಾರ

ಇವತ್ತು ಕದಿರೇಶ್‌ಗೆ ಸುಳ್ಳು ಹೇಳಿದೆ. ಅವರಿಗಾಗಿಯೋ ನನಗಾಗಿಯೋ, ಇನ್ನೂ ತಿಳಿಯುತ್ತಿಲ್ಲ.

ಹಾಡುವವರು ಎರಡು ಸ್ಪೀಕರ್ ಬಾಕ್ಸ್‌ಗಳ ನಟ್ಟನಡುವೆ, ಎದುರಿಗೇ ಕೂತಂತೆ ಕೇಳಿಸಬೇಕೆಂಬುದು ಅವರ ಹಟ. ನನಗೆ ಹಾಡು ಮನೆ ತುಂಬ ಹರಡಿದರೆ ಸಾಕು. ಮದುವೆಯಾದಾಗಿನಿಂದ ಅಡುಗೆಮನೆಯಿಂದಲೇ ಕೇಳಿದವಳು. ಒಂದು ತಿಂಗಳಿಂದ ಅವರಿಗೆ ಹಾಡು ಬಲಕ್ಕೆ ವಾಲಿದೆಯಂತೆ. ರಿಪೇರಿಯ ಶಾನವಾಜ್ ಇವತ್ತು ಎಡಗಡೆಯ ಬಾಕ್ಸನ್ನು ಮೂರನೆಯ ಸಲ ಬಿಚ್ಚಿದ.

"ಬಾಕ್ಸ್ ಚೆನ್ನಾಗೈತೆ ಸಾರ್. ಎರಡನ್ನೂ ಜಾಗ ಬದಲಾಯ್ಸಿ ನೋಡೋಣ್ವಾ?"

"ನಂಗೇ ಪಾಠ ಹೇಳ್ತೀಯೇನಯ್ಯಾ? ಏನೂ ಬೇಡ."

ಬಾಕ್ಸ್ ಕೆಟ್ಟಿದ್ದರೆ ಮಂದ ಸದ್ದು ಅದರ ಜೊತೆಗೇ ಬಲಕ್ಕೆ ಹೋಗುತ್ತದೆ; ಎಡಗಡೆಯೇ ಉಳಿದರೆ ತಪ್ಪು ಬಾಕ್ಸ್‌ನದಲ್ಲ. ಈ ಪರೀಕ್ಷೆಯನ್ನು ಊರಿಗೆಲ್ಲ ಕಲಿಸಿದವರು ಇವರೇ. ಈ ತಿಂಗಳಲ್ಲಿ ತಾವು ಮಾತ್ರ ಒಮ್ಮೆಯೂ ಮಾಡಿಲ್ಲ.

"ಬಾರೇ, ನೀನೇ ಕೂತು ಕೇಳು. ಎಡಗಡೆ ಮಂದ ಅಲ್ವಾ?"

ಅವರ ಕುರ್ಚಿಯಲ್ಲಿ ಕೂತೆ. ದನಿ ನಟ್ಟನಡುವೆಯೇ ಇತ್ತು. ಇಷ್ಟು ವರ್ಷ ಅವರು ಹೇಳುತ್ತಿದ್ದುದು ಇದನ್ನೇ ಎಂದು ಮೊದಲ ಸಲ ಅರ್ಥವಾಯಿತು. ಅವರ ಮುಖ ನೋಡಿದೆ.

"ಹೌದು ರೀ, ಸ್ವಲ್ಪ ಮಂದ."

"ಕೇಳಿಸ್ಕೊಂಡ್ಯೇನಯ್ಯಾ!" ಎಂದು ಶಾನವಾಜ್ ಕಡೆ ತಿರುಗಿ ನಕ್ಕರು. ತಿಂಗಳಿಂದ ಅವರು ಹಾಗೆ ನಕ್ಕಿರಲಿಲ್ಲ. ಶಾನವಾಜ್ ನನ್ನನ್ನೇ ನೋಡುತ್ತಿದ್ದ.

ಅವರ ಎಡಗಿವಿಯ ವಿಷಯದಲ್ಲಿ ತಡಮಾಡಬಾರದು. ಕೋಲಾರದ ಡಾಕ್ಟರಿಗೆ ತೋರಿಸೋಣ ಎನ್ನಲು ಒಂದು ವಾರದಿಂದ ಮಾತು ಜೋಡಿಸಿಕೊಳ್ಳುತ್ತಿದ್ದೆ. ಈಗ ಯಾವ ಬಾಯಿಂದ ಹೇಳಲಿ? ತಪ್ಪು ಬಾಕ್ಸ್‌ನದೇ ಎನ್ನುವುದಕ್ಕೆ ಇನ್ನು ನಾನೇ ಸಾಕ್ಷಿ.