ಅವ್ವನ ಗೋರಿಯಲ್ಲಿ ಚಾವಟಿ

ಸತ್ತವರ ಪಡುವಣ ನಾಡು ಸೇರಿದ ಅವ್ವನಿಗೆ,

ನೀನು ದುಡಿದ ಗುಡಿಯ ನೇಯ್ಗೆಮನೆಯವರು ಹೊಟ್ಟೆ ತುಂಬ ರೊಟ್ಟಿ ಎಂದರು, ಅರ್ಧ ಕೊಟ್ಟರು. ಮುಪ್ಪಿನಲ್ಲಿ ಬಿಡುವು ಎಂದರು, ಬೆನ್ನಿಗೆ ಚಾವಟಿ ಕೊಟ್ಟರು. ಸತ್ತ ಮೇಲಾದರೂ ನೀನು ಕೂತು ಉಣ್ಣಲೆಂದು, ಅಲ್ಲಿ ನಿನ್ನ ಪಾಲಿನ ಹೊಲಗೆಲಸ ಮಾಡುವ ನೀಲಿ ಬೊಂಬೆಗಳನ್ನು ನಾನೇ ಮಾಡಿ, ಆವಿಗೆಯಲ್ಲಿ ಸುಟ್ಟು ಗೋರಿಯಲ್ಲಿಟ್ಟೆ. ದೊಡ್ಡವರ ಗೋರಿಗಳಲ್ಲಿ ಇರುವಂತೆ ಅವುಗಳ ಮೇಲೊಬ್ಬ ಮೇಸ್ತ್ರಿ ಬೊಂಬೆಯನ್ನೂ ಮಾಡಿ, ಅವನ ಕೈಗೆ ಚಾವಟಿ ಕೊಟ್ಟು ಬೀಗಿದೆ.

"ಭಾರಿ ಕಸುಬುದಾರ ಕಣಣ್ಣ ನೀನು! ಅವ್ವನ್ನ ಹೊಡೆಯೋನ್ನ ಅವಳ ಜೊತೇಲೇ ಕಳಿಸಿದ್ಯಲ್ಲ!" ಎಂದಳು ತಂಗಿ ತಖಾತ್.

ಅಂದಿನಿಂದ ಅವಳ ಮುಖ ನೋಡಲಾಗುತ್ತಿಲ್ಲ.

ಗೋರಿ ತೆರೆಸಿ ಆ ಮೇಸ್ತ್ರಿಯನ್ನು ಒಡೆದುಹಾಕುತ್ತೇನೆ. ಅಲ್ಲಿಯವರೆಗೆ ಅವನೆದುರು ಬೆನ್ನು ಬಗ್ಗಿಸಬೇಡ. ಎಲ್ಲರೂ ತಮ್ಮವರ ಗೋರಿಗೆ ಹೋಗುವ ಕಣಿವೆ ಹಬ್ಬದ ದಿನ, ಹೊತ್ತು ನೆತ್ತಿಗೇರುವಾಗ ಬರುತ್ತೇನೆ.

ನಿನ್ನ ಮಗ,
ಪಶೆದ್